ಡಾಟ್ ಕಾಮ್ ಉರ್ಫ್ ಕಾಕಾ

ಹತ್ತು ವರ್ಷಕ್ಕೂ ಮೇಲ್ಪಟ್ಟು ಪರಿಚಯವಿದ್ದ ಒಬ್ಬರ ಹೆಸರು ನನಗೆ ಗೊತ್ತಿರಲಿಲ್ಲ. ಅವರ ಮನೆಯಲ್ಲಿ ಉಂಡಿದ್ದೇನೆ. ಅವರ ಕಟ್ಟೆಯ ಮೇಲೆ ಕುಳಿತು, ಹಸಿ ಬಣ್ಣ ಮೆತ್ತಿದ ಪ್ಯಾಂಟಿನಲ್ಲಿ ಮನೆಗೆ ಬಂದು ಹೆಂಡತಿಯಿಂದ ಬೈಸಿಕೊಂಡಿದ್ದೇನೆ. ಆದರೂ ಅವರ ಹೆಸರೇನೆಂದು ಒಮ್ಮೆಯೂ ಕೇಳಿರಲಿಲ್ಲ. ಅವರು ಕಾಕಾ, ನಮ್ಮ ಕಡೆ ಚಿಕ್ಕಪ್ಪನಿಗೆ ಹೇಳುವ ಮಾತು. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಬಸ್ಸಿನಿಂದ ಇಳಿದು ‘ಗೊಂಬಿ ಕಾಕಾ ಎಲ್ಲಿ’ ಎಂದರೆ ನಾಯಿಯೂ ದಾರಿ ತೋರಿಸುತ್ತಿತ್ತು. ಅಷ್ಟು ಸಾಕಲ್ಲವೇ? ಸಾಕಾಗುವುದಿಲ್ಲ ಎಂದು ನನಗೆ ಕಲಿಸಿದ್ದು ಇಂಟರ್ನೆಟ್ಟು.

ಚಿಂತೆ ಮಾಡುವುದು ನನ್ನ ಹುಟ್ಟುಗುಣ. ಗ್ಯಾಸಿನ ಗುಬ್ಬಿ ತಿರುವಿದ್ದೇನೋ ಇಲ್ಲವೋ ಎಂದು ಮೂರು ಸಲ ನೋಡುತ್ತೇನೆ, ಅಂಗಡಿಯ ಕೀಲಿ ಜಗ್ಗಿ ನೋಡಿ ಹತ್ತು ಹೆಜ್ಜೆ ನಡೆದು ಮತ್ತೆ ಬಂದು ಜಗ್ಗುತ್ತೇನೆ. ೧೯೯೭ರಲ್ಲಿ ಕೊಪ್ಪಳ ಜಿಲ್ಲೆಯಾದಾಗ ಊರೆಲ್ಲ ಪೇಢೆ ಹಂಚುತ್ತಿದ್ದರೆ ನಾನು ಮಾತ್ರ, ಕೊಟ್ಟ ಜಿಲ್ಲೆಯನ್ನು ವಾಪಸ್ ತಗೊಂಡರೆ ಏನು ಗತಿ ಎಂದು ಕುಳಿತಿದ್ದೆ. ಆಗ ತಾನೇ ಮದುವೆಯಾಗಿ ಬಂದಿದ್ದ ಹೆಂಡತಿ ನನ್ನ ಮುಖವನ್ನೇ ನೋಡಿ, “ಜಿಲ್ಲಾ ಅಂದ್ರ ಎರವಲು ತಂದ ಛತ್ರಿ ಏನ್ರಿ, ಸಂಜಿಗೆ ಬಂದು ಇಸಗೊಂಡು ಹೋಗಾಕ?” ಅಂದಳು. ನನ್ನನ್ನು ಅವಳು ಅಳೆದದ್ದು ಅವತ್ತು. ಇವತ್ತಿನವರೆಗೂ ಆ ಅಳತೆ ತಪ್ಪಿಲ್ಲ.

ಬಸ್ ಸ್ಟ್ಯಾಂಡಿನ ಎದುರಿನ ಸಂದಿಯಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ ಇತ್ತು. ಹೊಸ ಜಿಲ್ಲೆ ನನ್ನ ಪಾಲಿಗೆ ಸುಗ್ಗಿಯಾಯಿತು. ರಾಯಚೂರು ಜಿಲ್ಲೆ ಎಂದಿದ್ದ ಪ್ರತಿ ಲೆಟರ್‌ಹೆಡ್ಡು, ಪ್ರತಿ ರಬ್ಬರ್ ಸ್ಟಾಂಪು ಕೊಪ್ಪಳ ಜಿಲ್ಲೆ ಆಗಬೇಕಿತ್ತು. ಆ ದುಡ್ಡಿನಲ್ಲೇ ಒಂದು ಕಂಪ್ಯೂಟರ್ ತಂದೆ. ಅದರ ಜೊತೆಗೆ ಬಂದದ್ದು ಇಂಗ್ಲಿಷ್ ಫಾರ್ಮುಗಳು; ಫಾರ್ಮುಗಳ ಜೊತೆಗೆ ಬಂದದ್ದು ಆ ಎರಡು ಚೌಕ: ಫಸ್ಟ್ ನೇಮ್, ಲಾಸ್ಟ್ ನೇಮ್.

ಈ ಎರಡು ಚೌಕದಲ್ಲಿ ನಮ್ಮ ಜಿಲ್ಲೆಯ ಒಬ್ಬ ಮನುಷ್ಯನೂ ಸರಿಯಾಗಿ ಕೂಡುವುದಿಲ್ಲ. ಗಂಗಾವತಿ ಕಡೆ ಕಾಲುವೆಯ ಕ್ಯಾಂಪುಗಳಿಂದ ಬರುವ ತೆಲುಗು ಮಂದಿಗೆ ಮನೆತನದ ಹೆಸರು ಮುಂದೆ, ತಮ್ಮ ಹೆಸರು ಹಿಂದೆ. ಯಲಬುರ್ಗಾದವರಿಗೆ ಅಡ್ಡಹೆಸರು ಹಿಂದೆ, ನಡುವೆ ಅಪ್ಪ. ಕುಷ್ಟಗಿಯಿಂದ ಬಂದ ಒಬ್ಬ ರೈತನಿಗೆ ಲಾಸ್ಟ್ ನೇಮ್ ಏನೆಂದು ಕೇಳಿದಾಗ ಅವನು ಸ್ವಲ್ಪ ಯೋಚಿಸಿ, “ಕೊನೀಕ ಇಟ್ಟ ಹೆಸರೇನ್ರಿ? ಕೊನೀ ಮಗಂದು ಬಸವ ಅಂತ ಇಟ್ಟೀವ್ರಿ” ಅಂದ. ನಾನು ಹಾಗೇ ಟೈಪ್ ಮಾಡುವವನಿದ್ದೆ. ಇಂಥವನ್ನೆಲ್ಲ ತಿದ್ದಿ ತಿದ್ದಿ, ಯಾವ ಹೆಸರನ್ನು ಯಾವ ಚೌಕಕ್ಕೆ ತುರುಕಬೇಕು ಎಂಬುದರಲ್ಲಿ ನಾನು ಪರಿಣತನಾಗಿಬಿಟ್ಟೆ ಎಂದು ನಂಬಿದ್ದೆ.

ಎರಡು ಸಾವಿರದ ನಾಲ್ಕರಲ್ಲಿ ಕಾಕಾ ನನ್ನ ಅಂಗಡಿಗೆ ಬಂದರು. ಕೈಯಲ್ಲಿ ದಿಲ್ಲಿಯ ಒಂದು ಕರಕುಶಲ ಪ್ರದರ್ಶನದ ಅರ್ಜಿ, ಉಗುರಿನ ಸಂದಿಯಲ್ಲಿ ಹಸಿರು ಬಣ್ಣ. ಹಗುರ ಕಟ್ಟಿಗೆಯನ್ನು ಕೆತ್ತಿ, ಹುಣಸೆ ಬೀಜದ ಅಂಟು ಬಳಿದು, ಬಣ್ಣ ಹಾಕಿ ಗರುಡ, ಹನುಮ, ಗೌರಿ, ಆನೆ ಮಾಡುವುದು ಅವರ ಮನೆಯ ಕಸುಬು. ಹೆಸರು, ವಿಳಾಸದ ಮೊದಲ ಪುಟವನ್ನು ಊರಲ್ಲೇ ಯಾರೋ ತುಂಬಿದ್ದರು, ನಾನು ಅದರ ಮೇಲೆ ಕಣ್ಣಾಡಿಸಲಿಲ್ಲ. ಉಳಿದದ್ದನ್ನು ನಾನು ಓದುತ್ತ ಹೋದೆ, ಅವರು ಉತ್ತರ ಹೇಳುತ್ತ ಹೋದರು. ಕೊನೆಯಲ್ಲಿ ‘ವೆಬ್‌ಸೈಟ್, ಇದ್ದಲ್ಲಿ’ ಅಂತ ಒಂದು ಸಾಲು.

“ಅಂದ್ರ ಏನು ತಮ್ಮಾ?”

“ಅದು ಕಂಪ್ಯೂಟರ್‌ನ್ಯಾಗ ಒಂದು ಮನಿ ಇದ್ದಂಗ ಕಾಕಾ. ಅದಕ್ಕೊಂದು ಅಡ್ರೆಸ್ ಇರ್ತದ. ಯಾವ ದೇಶದಾಗಿಂದರ ಆ ಅಡ್ರೆಸ್ ಹೊಡದ್ರ ನಿಮ್ಮ ಗೊಂಬಿ ಕಾಣ್ತಾವ.”

“ಮತ್ತ ನಮಗೂ ಒಂದು ಮನಿ ಹಿಡಿ” ಅಂದರು ಕಾಕಾ, ಕೊಪ್ಪಳದಲ್ಲಿ ಖೋಲಿ ಬಾಡಿಗೆ ಹಿಡಿಯಲು ಹೇಳಿದಷ್ಟು ಸಲೀಸಾಗಿ. ಗೊತ್ತಿಲ್ಲದೆ ಅವರು ಆಡಿದ ಆ ಮಾತೇ ಸರಿಯಾದದ್ದು. ವೆಬ್ ವಿಳಾಸವನ್ನು ಯಾರೂ ಕೊಂಡುಕೊಳ್ಳುವುದಿಲ್ಲ. ಹಿಡಿಯುತ್ತಾರೆ, ಇಷ್ಟು ವರ್ಷಕ್ಕೆ ಅಂತ. ಇದರ ಬಿಸಿ ನನಗೆ ತಟ್ಟಿದ್ದು ಹತ್ತು ವರ್ಷದ ಮೇಲೆ.

ಹುಬ್ಬಳ್ಳಿಯಲ್ಲಿ ಒಬ್ಬ ಮನುಷ್ಯ ಇಂಥ ವಿಳಾಸ ಕೊಡಿಸುತ್ತಾನೆಂದು ಕೇಳಿದ್ದೆ. ಫೋನ್ ಮಾಡಿದೆ. ಅವನು ಒಂದು ಫಾರ್ಮು ಕಳಿಸಿದ. ಕಾಕಾ ಅಷ್ಟರಲ್ಲಿ ಊರಿಗೆ ಹೋಗಿಯಾಗಿತ್ತು, ಅವರ ಮನೆಯಲ್ಲಿ ಫೋನಿಲ್ಲ. ಫಾರ್ಮಿನಲ್ಲಿ ಮತ್ತೆ ಅವೇ ಎರಡು ಚೌಕ. ಪರಿಣತನಲ್ಲವೇ? ಫಸ್ಟ್ ನೇಮ್: ಕಾಕಾ. ಲಾಸ್ಟ್ ನೇಮ್: ಕಿನ್ನಾಳ. ವಿಳಾಸ: ಹನುಮಪ್ಪನ ಗುಡಿ ಹಿಂದೆ. ಇ-ಮೇಲ್ ನನ್ನದು. ಎಷ್ಟು ವರ್ಷಕ್ಕೆ ಎಂದು ಕೇಳಿದಾಗ, ವರ್ಷ ವರ್ಷ ಚಿಂತೆ ಯಾಕೆ, ಎಷ್ಟು ಜಾಸ್ತಿ ಕೊಡುತ್ತಾರೋ ಅಷ್ಟು ಕೊಡಲಿ ಎಂದೆ. ಹತ್ತು ವರ್ಷಕ್ಕಿಂತ ಹೆಚ್ಚು ಕೊಡುವ ಹಾಗಿಲ್ಲವಂತೆ. ಹತ್ತಕ್ಕೆ ಹಿಡಿದು, ಎದೆಯ ಮೇಲಿನ ಒಂದು ಕಲ್ಲು ಇಳಿಯಿತೆಂದು ಚಹಾ ಕುಡಿದೆ. ಚಿಂತೆಯ ಮನುಷ್ಯ ನಿಶ್ಚಿಂತನಾದ ಜಾಗದಲ್ಲೇ ಹಾವು ಇರುವುದು.

ನಾಲ್ಕು ಪುಟದ ವೆಬ್‌ಸೈಟ್ ಮಾಡಿಕೊಟ್ಟೆ. ವಿಳಾಸವನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಏನಾದರೂ ಆದೀತೆಂಬ ಹೆದರಿಕೆ ಇನ್ನೂ ಇದೆ. ಊರಿನ ಹೆಸರೂ ಗೊಂಬೆಯ ಹೆಸರೂ ಸೇರಿದ ಒಂದು ಉದ್ದ ಪದ, ಕೊನೆಗೆ ಡಾಟ್ ಕಾಮ್ ಎಂದು ತಿಳಿದುಕೊಂಡರೆ ಸಾಕು. ಒಂದು ಚೀಟಿಯಲ್ಲಿ ಅದನ್ನು ದೊಡ್ಡದಾಗಿ ಪ್ರಿಂಟ್ ಮಾಡಿ ಕಾಕಾನ ಕೈಗೆ ಕೊಟ್ಟೆ. ಅವರು ಅದನ್ನು ತಿರುವಿ ತಿರುವಿ ನೋಡಿದರು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ; ಆದರೆ ಅವರ ಕಣ್ಣಿಗೆ ಅಕ್ಷರವೂ ಚಿತ್ರವೇ. ಮರುವಾರದಿಂದ ಅವರ ಕೈಯಿಂದ ಹೊರಟ ಪ್ರತಿ ಗೊಂಬೆಯ ಪೀಠದ ತಳದಲ್ಲಿ, ಎಲ್ಲಕ್ಕಿಂತ ಸಣ್ಣ ಕುಂಚದಲ್ಲಿ ಬರೆದ ವಿಳಾಸವಿರುತ್ತಿತ್ತು. ಆ ‘ಜಿ’ ಅಕ್ಷರಕ್ಕೆ ಮಾತ್ರ ಆನೆಯ ಸೊಂಡಿಲಿನಂಥ ಒಂದು ಸುರುಳಿ. ಸೊಂಡಿಲು ತೆಗೆಯಿರಿ ಎಂದರೆ, “ಇರ್ಲಿ ಬಿಡೋ, ಖಾಲಿ ಕಾಣ್ತದ” ಅನ್ನುತ್ತಿದ್ದರು.

ಹತ್ತು ವರ್ಷ ಹಾಗೇ ನಡೆಯಿತು. ಗೊಂಬೆಗಳು ಮೈಸೂರಿಗೆ ಹೋದವು, ಪುಣೆಗೆ ಹೋದವು, ಹೊರದೇಶಕ್ಕೂ ಹೋದವು. ಕಾಕಾನ ಕಣ್ಣು ಮಂಜಾದ ಮೇಲೆ ತಳದ ಅಕ್ಷರ ಬರೆಯುವ ಕೆಲಸ ಸೊಸೆಯ ಪಾಲಿಗೆ ಬಂತು. ಸೊಂಡಿಲು ಸಮೇತ. ಆರ್ಡರುಗಳನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಗಂಡ ಗ್ರಾಮ ಪಂಚಾಯ್ತಿಯಲ್ಲಿ ನೌಕರ. ಗೊಂಬೆಯ ವ್ಯವಹಾರ ಪೂರ್ತಿ ಅವಳ ಕೈಯಲ್ಲಿತ್ತು.

ಎರಡು ಸಾವಿರದ ಹದಿನಾಲ್ಕರ ಒಂದು ಬೆಳಿಗ್ಗೆ ಅವಳ ಫೋನು ಬಂತು.

“ಸರ್, ನಮ್ಮ ಗರುಡನ ಬುಡಕ್ಕ ಬ್ಯಾರೆಯವರು ಅಂಗಡಿ ಹಾಕ್ಯಾರ್ರಿ!”

ಮೈಸೂರಿನಿಂದ ಒಬ್ಬ ಹೆಣ್ಣುಮಗಳು ಅವಳಿಗೆ ಫೋನ್ ಮಾಡಿದ್ದಳಂತೆ. ಗರುಡ ಕೊಂಡಿದ್ದಾಳೆ, ತಳದ ವಿಳಾಸ ಓದಿ ಇನ್ನೊಂದು ಜೋಡಿ ತರಿಸೋಣವೆಂದು ತೆಗೆದು ನೋಡಿದರೆ ಗೊಂಬೆಯೇ ಇಲ್ಲ. ಸಾಲ ಬೇಕೇ, ತೂಕ ಇಳಿಸಬೇಕೇ ಎಂಬ ಜಾಹೀರಾತುಗಳು. ನಾನು ಕಂಪ್ಯೂಟರಿನಲ್ಲಿ ತೆಗೆದು ನೋಡಿದೆ. ನಿಜ. ಜಾಹೀರಾತುಗಳ ಮೇಲೆ ಸಣ್ಣ ಅಕ್ಷರದಲ್ಲಿ, ಈ ಹೆಸರಿನ ಅವಧಿ ಮುಗಿದಿದೆ ಎಂದು ಬರೆದಿತ್ತು. ಹತ್ತು ವರ್ಷ ಯಾವಾಗ ಮುಗಿಯಿತು?

ಅವಧಿ ಮುಗಿಯುವ ಮುಂಚೆ ತಿಳಿಸುವ ಇ-ಮೇಲ್ ಬರಬೇಕಿತ್ತು. ಕಳಿಸಿದ್ದರು ಕೂಡ, ನನ್ನ ಹಳೆಯ ಇ-ಮೇಲಿಗೆ. ಆ ಇ-ಮೇಲ್ ಕೊಡುತ್ತಿದ್ದ ಕಂಪನಿಯೇ ಕೆಲವು ವರ್ಷದ ಹಿಂದೆ ಬಾಗಿಲು ಹಾಕಿತ್ತು. ಹಾಕುತ್ತೇವೆಂದು ಅವರು ತಿಳಿಸಿದಾಗ ಮೂರು ದಿನ ಚಿಂತೆ ಮಾಡಿ, ನನ್ನ ಪತ್ರಗಳನ್ನೆಲ್ಲ ಹೊಸ ವಿಳಾಸಕ್ಕೆ ಸಾಗಿಸಿದ್ದೆ. ಜೀವವಿಮೆಯದು, ಬ್ಯಾಂಕಿನದು, ಭಾವಮೈದುನನ ಮನೆಯ ಗೃಹಪ್ರವೇಶದ ಫೋಟೋ ಸಹಿತ ಎಲ್ಲ ತಂದೆ. ಕಾಕಾನದೊಂದು ಬಿಟ್ಟು.

ವಾಪಸ್ ಫೋನ್ ಮಾಡಿ ಸೊಸೆಗೆ ಇದನ್ನು ಹೇಳುತ್ತಿದ್ದಾಗ, “ಕೊಡು ಇಲ್ಲಿ” ಎಂದು ಕಾಕಾ ಸೊಸೆಯ ಕೈಯಿಂದ ಫೋನು ಇಸಕೊಂಡರು. “ತಮ್ಮಾ, ನನಗೊಂದ ಹೇಳು. ನಾಳೆ ಯಾರರ ಅದನ್ನ ತಗೊಂಡು ಹೊಲಸು ಚಿತ್ರ ಹಾಕಿದ್ರಂತ ತಿಳಿ. ಹನುಮಪ್ಪನ ಕಾಲ ಕೆಳಗ ಅದ ಅಡ್ರೆಸ್ ಇರ್ತದಲ್ಲೋ?”

ಇರುತ್ತದೆ. ಹತ್ತು ವರ್ಷದ ಪ್ರತಿ ಗೊಂಬೆಯ ಕೆಳಗೆ ಇರುತ್ತದೆ. ಯಾರ್ಯಾರದೋ ಜಗಲಿಯ ಮೇಲೆ, ಶೋಕೇಸಿನಲ್ಲಿ ಕುಳಿತಿರುವ ಗೊಂಬೆಗಳನ್ನು ವಾಪಸ್ ಕರೆದು ತಳ ಒರೆಸಲು ಆಗುವುದಿಲ್ಲ. ಅದು ಕಾಕಾನ ಮನೆತನದ ರುಜು. ರುಜು ಇನ್ನೊಬ್ಬರ ಪಾಲಾಗುವುದರಲ್ಲಿತ್ತು.

“ಡಿಸಿ ಸಾಹೇಬ್ರಿಗೆ ಒಂದು ಅರ್ಜಿ ಟೈಪ್ ಮಾಡು, ನಾ ಬಂದು ಸಹಿ ಮಾಡ್ತೀನಿ” ಅಂದರು.

“ಇದು ಡಿಸಿ ಕೈಯಾಗಿಲ್ಲ ಕಾಕಾ.”

“ಬೆಂಗಳೂರು?”

“ಅಲ್ಲ.”

“ದಿಲ್ಲಿ?”

“ದಿಲ್ಲಿನೂ ಅಲ್ಲ.”

“ಮತ್ತ ಯಾರ ಕೈಯಾಗ ಐತೋ?”

ನನಗೆ ಗೊತ್ತಿರಲಿಲ್ಲ. ಹತ್ತು ವರ್ಷ ಊರಿನವರಿಗೆಲ್ಲ ವೆಬ್‌ಸೈಟ್ ಮಾಡಿಕೊಟ್ಟು, ಕಂಪ್ಯೂಟರ್ ಸರ್ ಎಂದು ಕರೆಸಿಕೊಂಡವನಿಗೆ ಈ ಹೆಸರುಗಳು ಯಾರ ಕೈಯಲ್ಲಿವೆ ಎಂಬುದು ಗೊತ್ತಿರಲಿಲ್ಲ. ಅವತ್ತು ಅಂಗಡಿಯ ಶೆಟರ್ ಅರ್ಧ ಇಳಿಸಿ, ಆ ಸುದ್ದಿ ಓದಲು ಕುಳಿತೆ.

ಮೊದಲು ಹುಬ್ಬಳ್ಳಿಯವನಿಗೆ ಫೋನು ಹೊಡೆದೆ. ಆ ನಂಬರು ಅಸ್ತಿತ್ವದಲ್ಲಿಲ್ಲ ಎಂದಿತು. ಪರಿಚಯದವರಿಗೆ ಹೇಳಿ ನೋಡಿಸಿದರೆ ಅವನ ಆಫೀಸಿದ್ದ ಜಾಗದಲ್ಲಿ ಬೇಕರಿ ಬಂದಿತ್ತು. ಆದರೆ ಅವನು ಬರೀ ನಡುವಿನ ಮನುಷ್ಯ. ಅವನ ಮೇಲೆ ಮುಂಬೈಯ ಒಂದು ಕಂಪನಿ; ಹೆಸರು ನೋಂದಾಯಿಸುವವರು ಅವರು. ಅವರ ಮೇಲೆ ಅಮೆರಿಕದ ಇನ್ನೊಂದು ಕಂಪನಿ. ಜಗತ್ತಿನಲ್ಲಿ ಡಾಟ್ ಕಾಮ್ ಎಂದು ಕೊನೆಯಾಗುವ ಎಲ್ಲ ಹೆಸರುಗಳ ದೊಡ್ಡ ಪುಸ್ತಕ ಇಟ್ಟುಕೊಂಡವರು ಅವರು. ಎಲ್ಲರ ಮೇಲೆ, ಅದೇ ದೇಶದಲ್ಲಿ, ಒಂದು ಸಂಸ್ಥೆ. ಅದು ಸರ್ಕಾರವಲ್ಲ, ಅಂಗಡಿಯೂ ಅಲ್ಲ. ಯಾವ ಡಾಟ್‌ನ ಪುಸ್ತಕ ಯಾರ ಬಳಿ ಇರಬೇಕು, ಅವರು ಯಾವ ನಿಯಮಕ್ಕೆ ಒಳಪಡಬೇಕು ಎಂದು ಗೊತ್ತು ಮಾಡುವುದು ಅದರ ಕೆಲಸ. ಓದುತ್ತ ಓದುತ್ತ ನನಗೆ ಒಂಥರಾ ಧೈರ್ಯ ಬಂತು. ಇದೇನು ಹೊಸದು? ತಲಾಠಿ, ಅವನ ಮೇಲೆ ಗಿರ್ದಾವರ, ಅವನ ಮೇಲೆ ತಹಶೀಲ್ದಾರ, ಅವನ ಮೇಲೆ ಇನ್ನೊಬ್ಬ. ಇಂಥ ಮೆಟ್ಟಿಲು ಹತ್ತಿ ಹತ್ತಿಯೇ ನಮ್ಮ ಜಿಲ್ಲೆಯವರ ಮೊಣಕಾಲು ಸವೆದಿರುವುದು.

ಮೇಲಿನ ಸಂಸ್ಥೆಗೆ ಒಂದು ದೂರು ಕಳಿಸಿದೆ. ಎರಡೇ ದಿನಕ್ಕೆ ಉತ್ತರ ಬಂತು. ತಹಶೀಲ್ ಕಚೇರಿಯಲ್ಲಿ ಎರಡು ದಿನಕ್ಕೆ ಟಪಾಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೂ ಹೋಗುವುದಿಲ್ಲ. ಉತ್ತರದಲ್ಲಿದ್ದದ್ದು ಮಾತ್ರ ಚಿರಪರಿಚಿತ: ನಿಮ್ಮ ಹೆಸರು ನಮ್ಮ ಬಳಿ ಇಲ್ಲ, ಮೊದಲು ಮುಂಬೈಯವರನ್ನು ಕೇಳಿ. ಆದರೆ ಜೊತೆಗೆ ನಿಯಮದ ಒಂದು ಪುಟದ ಕೊಂಡಿ ಕೊಟ್ಟಿದ್ದರು. ಅದನ್ನು ನಾಲ್ಕು ಸಲ ಓದಿದೆ. ಅವಧಿ ಮುಗಿದ ಹೆಸರನ್ನು ಕೂಡಲೇ ಬೇರೆಯವರಿಗೆ ಕೊಡುವ ಹಾಗಿಲ್ಲ, ಬಿಡಿಸಿಕೊಳ್ಳಲು ಕಾಲಾವಕಾಶ ಇರಬೇಕು. ನಡುವಿನವನು ಓಡಿಹೋದರೂ ನೋಂದಾಯಿಸಿದ ಕಂಪನಿಯ ಹೊಣೆ ತಪ್ಪುವುದಿಲ್ಲ. ಪ್ರಿಂಟ್ ತೆಗೆದು, ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದೆ.

ಮುಂಬೈಗೆ ಫೋನ್ ಮಾಡಿದೆ. ನನ್ನದು ಕೊಪ್ಪಳದ ಹಿಂದಿ. ಆ ಕಡೆ ಬಹಳ ಸಮಾಧಾನದ ಒಂದು ಹೆಣ್ಣುದನಿ. ಹೆಸರು ಬಿಡಿಸಿಕೊಳ್ಳಲು ಇನ್ನು ಹನ್ನೊಂದು ದಿನ ಇದೆ, ಆಮೇಲೆ ಅದು ಯಾರ ಪಾಲಿಗಾದರೂ ಹೋಗಬಹುದು, ಬಿಟ್ಟ ಹೆಸರನ್ನು ಹಿಡಿಯಲೆಂದೇ ಕಾದು ಕುಳಿತವರಿದ್ದಾರೆ ಎಂದಳು. ಸತ್ತ ಇ-ಮೇಲನ್ನು ತೆಗೆದು ಹೊಸದು ಹಾಕಬೇಕಾದರೆ ನೋಂದಾಯಿಸಿದವರ ಗುರುತಿನ ಚೀಟಿ ಬೇಕು.

“ಯಾರ ಹೆಸರಿನಲ್ಲಿದೆ ಸರ್?”

“ಕಾಕಾ.”

“ನಿಮ್ಮ ಕಾಕಾನ ಹೆಸರೇನು ಸರ್?”

“ನನ್ನ ಕಾಕಾ ಅಲ್ಲ ಮೇಡಂ.”

“ಮತ್ತೆ ಯಾರ ಕಾಕಾ?”

“ಊರಿಗೆಲ್ಲ ಕಾಕಾ.”

ಆಕೆ, “ಸರ್, ನಿಮ್ಮನ್ನು ಹೋಲ್ಡ್‌ನಲ್ಲಿ ಇಡಬಹುದೇ?” ಎಂದಳು. ಒಂಬತ್ತು ನಿಮಿಷ ಪಿಟೀಲು ಕೇಳಿದೆ. ವಾಪಸ್ ಬಂದವಳು ಅಷ್ಟೇ ಸಮಾಧಾನದಿಂದ ಹೇಳಿದಳು: ಕಾಕಾ ಕಿನ್ನಾಳ ಎಂಬ ಹೆಸರಿರುವ ಯಾವುದಾದರೂ ಸರ್ಕಾರಿ ದಾಖಲೆ ತನ್ನಿ.

ಮರುದಿನ ಮೊದಲ ಬಸ್ಸಿಗೆ ಕಿನ್ನಾಳಕ್ಕೆ ಹೋದೆ. ಸೊಸೆ ಒಳಗಿನಿಂದ ಮಾವನ ವೋಟರ್ ಕಾರ್ಡ್ ತಂದುಕೊಟ್ಟಳು. ಮೂರು ಪದದ, ಬಹಳ ಗಂಭೀರವಾದ ಹೆಸರು. ಅದನ್ನು ಓದಿ, ಎದುರಿಗೆ ಮೊಣಕಾಲ ಸಂದಿಯಲ್ಲಿ ಆನೆಯೊಂದನ್ನು ಹಿಡಿದು ಕುಳಿತ ಮನುಷ್ಯನನ್ನು ನೋಡಿದೆ. ಆ ಹೆಸರಿಗೂ ಅವರಿಗೂ ಸಂಬಂಧವೇ ಕಾಣಲಿಲ್ಲ. ಅದರಲ್ಲಿ ‘ಕಾಕಾ’ ಎಲ್ಲೂ ಇರಲಿಲ್ಲ. ರೇಷನ್ ಕಾರ್ಡು ನೋಡಿದೆವು, ಬ್ಯಾಂಕ್ ಪಾಸ್‌ಬುಕ್ಕು ನೋಡಿದೆವು. ಎಲ್ಲದರಲ್ಲೂ ಅದೇ ಗಂಭೀರ ಹೆಸರು.

“ಹಂಗಾರ ಈ ಕಾಕಾ ಅನ್ನೋದು ಎಲ್ಲಿಂದ ಬಂತು?” ಎಂದೆ, ಅಳುವ ದನಿಯಲ್ಲಿ.

“ಅವ್ವನಿಂದ” ಅಂದರು ಕಾಕಾ. “ನಮ್ಮಪ್ಪನ ಕಾಕಾನ ಹೆಸರು ನನಗ ಇಟ್ರು. ನಮ್ಮವ್ವಗ ಅಂವ ಮಾವ ಆಗಬೇಕು. ಮಾವನ ಹೆಸರು ಸೊಸಿ ಬಾಯಾಗ ಹೆಂಗ ಬರ್ತದ? ಅಪ್ಪ ಅವನಿಗೆ ಕಾಕಾ ಅಂತಿದ್ದ, ಆಕಿ ನನಗ ಕಾಕಾ ಅಂದ್ಲು. ತೊಟ್ಟಿಲದಾಗಿಂದನೂ ನಾ ಕಾಕಾನ. ನಮ್ಮಪ್ಪನೂ ಕಾಕಾ ಅಂತಿದ್ದ ನನಗ!”

ಸೊಸೆ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಹೆಸರು ಬರೆಯುವ ಪರಿಣತ, ಫಾರ್ಮ್ ತುಂಬುವ ಮುಂಚೆ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಜಗತ್ತಿನ ಪುಸ್ತಕದಲ್ಲಿ ಆ ಮನೆತನದ ಗೊಂಬೆಯನ್ನು, ದಾಖಲೆಯಲ್ಲೇ ಇಲ್ಲದ ಒಬ್ಬನ ಹೆಸರಿಗೆ ಬರೆಸಿಬಿಟ್ಟಿದ್ದೆ.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಹೆಂಡತಿ ಇರಕಲ್ಲಗಡದ ಶಾಲೆಯಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು. ಅವಳು ಅಲ್ಲಿ ಟೀಚರು. ನನ್ನ ಕಥೆ ಕೇಳಿ ಚೊಂಬು ಕೆಳಗಿಟ್ಟಳು.

“ಅವರನ್ನ ಸಾಲಿಗೆ ಹಾಕಿದವರು ಯಾರು?”

“ನನಗೇನ ಗೊತ್ತು? ಅಷ್ಟು ಹಳೇ ಕಾಲದ್ದು.”

“ಅವ್ವ ಹಾಕಿದ್ರ ಏನ್ ಹೆಸರು ಹೇಳಿರ್ತಾಳ್ರಿ? ಆಕಿ ಬಾಯಾಗ ಖರೆ ಹೆಸರು ಬರಂಗಿಲ್ಲಲ್ಲ. ಕಾಕಾ ಅಂತನ ಹೇಳಿರ್ತಾಳ. ಹೆಡ್ ಮಾಸ್ತರು ಆಮ್ಯಾಲ ಅವರಪ್ಪನ್ನ ಕೇಳಿ ಖರೆ ಹೆಸರು ಬರದಿರ್ತಾರ. ನಡುವ ‘ಉರ್ಫ್’ ಹಾಕಿರ್ತಾರ. ನಮ್ಮ ಸಾಲಿ ಹಳೇ ರಜಿಸ್ಟರ್‌ನ್ಯಾಗ ಪುಟಕ್ಕ ಹತ್ತು ಉರ್ಫ್ ಅದಾವ. ಇಷ್ಟು ಚಿಂತಿ ಮಾಡ್ತೀರಿ, ಇದೊಂದು ಹೊಳೀಲಿಲ್ಲೇನ್ರಿ?”

ಹೊಳೆದಿರಲಿಲ್ಲ. ಉರ್ಫ್! ನಿಜಾಮನ ಕಾಲದಿಂದ ನಮ್ಮ ಕಡೆಯ ಕಾಗದಪತ್ರದಲ್ಲಿ ಉಳಿದುಕೊಂಡ ಪದ. ದಾಖಲೆಯ ಹೆಸರಿಗೂ ಕರೆಯುವ ಹೆಸರಿಗೂ ನಡುವೆ ಹಾಕಿದ ಗಂಟು.

ಎಂಟು ದಿನ ಉಳಿದಿದ್ದಾಗ ಕಿನ್ನಾಳದ ಶಾಲೆಯ ಆಫೀಸಿನಲ್ಲಿ ಕುಳಿತಿದ್ದೆವು, ನಾನು, ಕಾಕಾ, ಅರ್ಧ ದಿನ ರಜೆ ಹಾಕಿ ಬಂದ ನನ್ನ ಹೆಂಡತಿ. ಹೆಡ್ ಮಾಸ್ತರರು ಮೊದಲು, ಅಷ್ಟು ಹಳೆಯದು ಇರಲಿಕ್ಕಿಲ್ಲ ಎಂದರು. ನನ್ನ ಹೆಂಡತಿ, “ದಾಖಲಾತಿ ರಜಿಸ್ಟರ್ ಅಂದ್ರ ಕಾಯಂ ದಾಖಲೆ ಅಲ್ರಿ ಸರ್? ತೆಗದು ಒಗ್ಯಾಕ ಬರಂಗಿಲ್ಲಲ್ರಿ” ಎಂದು ಬಹಳ ಮೆತ್ತಗೆ ಹೇಳಿದಳು. ಆ ಮೆತ್ತಗಿನ ದನಿ ನನಗೆ ಗೊತ್ತು. ಹೆಡ್ ಮಾಸ್ತರರಿಗೂ ಗೊತ್ತಾಯಿತು. ಎದ್ದು ಕಪಾಟಿನ ತಳದಿಂದ ಕೆಂಪು ಬಟ್ಟೆಯ ಗಂಟೊಂದನ್ನು ತೆಗೆದರು.

ಹೈದರಾಬಾದ್ ಸಂಸ್ಥಾನದ ಕಾಲದ ಪುಸ್ತಕ. ಪುಟದ ಮೇಲೆ ಉರ್ದುವಿನಲ್ಲಿ ಅಚ್ಚಾದ ತಲೆಬರಹ, ಕೆಳಗೆ ಕನ್ನಡದ ಕೈಬರಹ. ಅಂಚು ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ನನ್ನ ಹೆಂಡತಿ ಬೆರಳನ್ನು ಗೆರೆಯ ಮೇಲೆ ಸಾಲಾಗಿ ಇಳಿಸುತ್ತ ಬಂದು ಒಂದು ಕಡೆ ನಿಂತಳು. ಆ ಗಂಭೀರವಾದ ಮೂರು ಪದ. ಅದರ ಮುಂದೆ, ಅದೇ ಶಾಯಿಯಲ್ಲಿ: ಉರ್ಫ್ ಕಾಕಾ. ಊರು: ಕಿನ್ನಾಳ. ಕರೆತಂದವರು: ತಾಯಿ. ಪಕ್ಕದಲ್ಲಿ ಒಂದು ಹೆಬ್ಬೆಟ್ಟಿನ ಗುರುತು.

ಕಾಕಾ ಕನ್ನಡಕ ಏರಿಸಿಕೊಂಡು ಬಗ್ಗಿದರು. “ಇದು ಅವ್ವಂದೇನು?” ಎಂದು ಕೇಳಿ, ತಮ್ಮ ಹೆಬ್ಬೆರಳನ್ನು ಅದರ ಪಕ್ಕಕ್ಕೆ ತಂದು, ಮುಟ್ಟದೆ ಹಿಡಿದರು. “ಸಣ್ಣ ಕೈ ಇತ್ತು” ಅಂದರು. ಅಷ್ಟೇ. ಹೆಡ್ ಮಾಸ್ತರರು ಆ ಸಾಲನ್ನು ನಕಲು ಮಾಡಿ ಉತಾರ ಬರೆದು, ದುಂಡು ಮೊಹರು ಒತ್ತಿ ಕೊಟ್ಟರು.

ಅದರ ಮೇಲೊಂದು ಅಫಿಡವಿಟ್ ಇರಲಿ ಎಂದು ಮರುದಿನ ಕೊಪ್ಪಳದ ಕೋರ್ಟಿಗೆ ಹೋದೆವು. ಬೇವಿನ ಗಿಡದ ಕೆಳಗೆ ಕುಳಿತ ನೋಟರಿ ವಕೀಲರು ಕಾಗದ ನೋಡಿದರು, ಕಾಕಾನನ್ನು ನೋಡಿದರು.

“ಒಬ್ಬರು ಇಬ್ಬರು ಆಗ್ಯಾರ. ಅಷ್ಟ ಹೌದಲ್ಲ?”

“ಹೌದ್ರಿ” ಎಂದೆ.

“ಇಬ್ಬರನ್ನೂ ಒಬ್ಬರು ಮಾಡಬೇಕು. ಬರ್ರಿ, ಕುಂದರ್ರಿ.” ಅವರ ಬಳಿ ಅದಕ್ಕೊಂದು ಅಚ್ಚು ತಯಾರೇ ಇತ್ತು. “ಮುಂಜಾನಿಂದ ಇದು ನಾಲ್ಕನೇದು. ಯಲಬುರ್ಗಾದವರು ಒಬ್ಬರು ಮೂರು ಮಂದಿ ಆಗಿ ಬಂದಿದ್ರು!”

ಎಲ್ಲವನ್ನೂ ಸ್ಕ್ಯಾನ್ ಮಾಡಿ, ಇಂಗ್ಲಿಷಿಗೆ ತರ್ಜುಮೆ ಮಾಡಿ, ಕೆಂಪು ಗೆರೆ ಎಳೆದ ನಿಯಮದ ಜೊತೆ ಮುಂಬೈಗೆ ಕಳಿಸಿದೆ. ಒಂದು ದಿನ ಬಿಟ್ಟು ಒಂದೇ ಸಾಲಿನ ಉತ್ತರ ಬಂತು. ಉರ್ಫ್ ಎಂದರೇನು ಎಂದು ಮುಂಬೈಯವರಿಗೆ ಗೊತ್ತಿಲ್ಲವೆಂದಲ್ಲ. ಆದರೆ ಕಡತ ಈಗ ಅವರ ಹೊರದೇಶದ ಪರಿಶೀಲನೆಯವರ ಕೈಯಲ್ಲಿತ್ತು. ‘ಉರ್ಫ್ ಎಂಬುದು ಆ ವ್ಯಕ್ತಿಯ ಮಧ್ಯದ ಹೆಸರೇ? ದಯವಿಟ್ಟು ವಿವರಿಸಿ.’ ಉಳಿದದ್ದು ಐದು ದಿನ.

ಬೇರೆ ದಿನವಾಗಿದ್ದರೆ ಮುಸುಕು ಹಾಕಿ ಮಲಗಿಬಿಡುತ್ತಿದ್ದೆ. ಅವತ್ತು ನಗು ಬಂತು. ಇಡೀ ಜನ್ಮದಲ್ಲಿ ಮೊದಲ ಸಲ ನನಗಿಂತ ಕಡಿಮೆ ತಿಳಿದ ಒಬ್ಬ ಅಧಿಕಾರಿ ನನಗೆ ಸಿಕ್ಕಿದ್ದ, ಅದೂ ಹೆಸರಿನ ವಿಷಯದಲ್ಲಿ. ಕುಳಿತು ಬರೆದೆ: ಸ್ವಾಮಿ, ಉರ್ಫ್ ಎಂಬುದು ಹೆಸರಲ್ಲ. ಒಂದೇ ವಸ್ತುವಿಗೆ ಎರಡು ಹೆಸರಿದ್ದಾಗ, ಇದೂ ಅದೂ ಒಂದೇ ಎಂದು ಹೇಳುವ ಪದ. ಇದು ನಿಮಗೆ ಹೊಸದಲ್ಲ. ನೀವು ನಡೆಸುವ ವ್ಯವಹಾರವೇ ಇದು. ಪ್ರತಿ ಕಂಪ್ಯೂಟರಿಗೂ ನಿಜವಾಗಿ ಇರುವುದು ಒಂದು ಉದ್ದನೆಯ ಅಂಕಿ. ಅದನ್ನು ಯಾರ ಬಾಯಿಯೂ ಹೇಳಲಾರದು ಎಂದೇ ನೀವು ಅದಕ್ಕೊಂದು ಕರೆಯುವ ಹೆಸರು ಕೊಡುತ್ತೀರಿ. ಈತನ ತಾಯಿಯೂ ಅದನ್ನೇ ಮಾಡಿದಳು. ದಾಖಲೆಯ ಹೆಸರು ಅವಳ ಬಾಯಲ್ಲಿ ಬರುವಂತಿರಲಿಲ್ಲ, ಆದ್ದರಿಂದ ಕರೆಯಲು ಒಂದು ಹೆಸರು ಕೊಟ್ಟಳು. ನಿಮ್ಮ ಪುಸ್ತಕ ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚೆ ಸರ್ಕಾರಿ ಶಾಲೆಯೊಂದು ಅದನ್ನು ತನ್ನ ಪುಸ್ತಕದಲ್ಲಿ ನೋಂದಾಯಿಸಿದೆ, ಮೊಹರಿನ ಪ್ರತಿ ಲಗತ್ತಿಸಿದೆ.

ಬರೆದವನು ಎರಡನೆಯ ಸಲ ಓದಲಿಲ್ಲ. ಕಳಿಸುವ ಗುಂಡಿ ಒತ್ತಿಬಿಟ್ಟೆ. ಗುಂಡಿ ಒತ್ತಿ, ಮತ್ತೆ ತೆಗೆದು ನೋಡದೆ ಎದ್ದುಹೋದದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.

ಮರುದಿನ ಮಧ್ಯಾಹ್ನ ಉತ್ತರ ಬಂತು. ವಿವರಣೆಗೆ ಧನ್ಯವಾದ, ದಾಖಲೆ ಒಪ್ಪಿದ್ದೇವೆ, ಬಿಡಿಸಿಕೊಳ್ಳುವ ಶುಲ್ಕ ಕಟ್ಟಿ. ಕಟ್ಟಿದೆವು. ಮರುದಿನವೇ ಸಾಲ ಬೇಕೇ, ತೂಕ ಇಳಿಸಬೇಕೇ ಎಂದು ಕೇಳುವವರು ಗಂಟು ಕಟ್ಟಿಕೊಂಡು ಹೋಗಿದ್ದರು. ಅವರ ಜಾಗದಲ್ಲಿ ನನ್ನ ನಾಲ್ಕು ಪುಟ, ಹತ್ತು ವರ್ಷ ಹಳೆಯ, ಸ್ವಲ್ಪ ಓರೆಯಾಗಿ ಸ್ಕ್ಯಾನ್ ಮಾಡಿದ ಗರುಡ. ಸೊಸೆ ಮೊದಲು ಮೈಸೂರಿನ ಹೆಣ್ಣುಮಗಳಿಗೆ ಫೋನ್ ಮಾಡಿದಳು. ಆಮೇಲೆ ನನಗೆ.

ಮುಂದಿನ ಕೆಲಸಕ್ಕೆ ಕಿನ್ನಾಳಕ್ಕೆ ಹೋದಾಗ ಲ್ಯಾಪ್‌ಟಾಪ್ ಒಯ್ದಿದ್ದೆ. ಖಾತೆಗೆ ಈಗ ಹೊಸ ಹೆಸರು, ಹೊಸ ಇ-ಮೇಲ್, ಹೊಸ ಪಾಸ್‌ವರ್ಡ್ ಹಾಕಬೇಕಿತ್ತು.

“ಈಗರ ನಿಮ್ಮ ಖರೆ ಹೆಸರು ಹಾಕೋಣ ಕಾಕಾ” ಎಂದೆ.

“ಬ್ಯಾಡಪಾ. ಆ ಹೆಸರಿಗೆ ಯಾರರ ಕರದ್ರ ನಾನ ಓ ಅನ್ನಂಗಿಲ್ಲ. ಅಕ್ಷರ ಬರಿಯಾಕಿ ಆಕಿ, ಆರ್ಡರ್ ನೋಡಾಕಿ ಆಕಿ. ಆಕೀದು ಹಾಕು.”

ಸೊಸೆ ಬೇಡ ಎನ್ನಲಿಲ್ಲ. ಕೈ ಒರೆಸಿಕೊಂಡು ಬಂದು ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. ಆಧಾರ್ ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ ನೋಡಿ ತನ್ನ ಹೆಸರು ಹೊಡೆದಳು. ಸ್ಪೆಲ್ಲಿಂಗ್ ಹೇಳಲು ನಾನು ಬಾಯಿ ತೆರೆದರೆ, “ಇರ್ಲ್ರಿ ಸರ್, ನಿಮ್ಮ ಸ್ಪೆಲ್ಲಿಂಗ್ ಸಾಕ್ರಿ” ಅಂದಳು. ಇ-ಮೇಲ್ ತನ್ನದು, ಮೊಬೈಲ್ ನಂಬರ್ ತನ್ನದು. ಪಾಸ್‌ವರ್ಡಿನ ಚೌಕ ಬಂದಾಗ ಬೆರಳು ನಿಲ್ಲಿಸಿ ನನ್ನನ್ನು ನೋಡಿದಳು.

“ಸರ್, ಆ ಕಡೆ ಮಾರಿ ಮಾಡ್ರಿ.”

ನಾನು ಗೋಡೆಯ ಕಡೆ ತಿರುಗಿದೆ.

“ಮಾವಾರ, ನೀವೂ.”

“ನಾನೂ ಏನ? ನನಗ ಇಂಗ್ಲಿಷ್ ಎಲ್ಲಿ ಬರ್ತದ?”

“ಬರ್ದಿದ್ರೇನು, ಚಿತ್ರ ನೋಡಿದಂಗ ನೋಡಿ ನೆನಪಿಡ್ತೀರಿ ನೀವು.”

ಕಾಕಾ ಗೊಣಗುತ್ತ ಎದ್ದು ನನ್ನ ಪಕ್ಕ ಬಂದು ನಿಂತರು. ಎದುರಿನ ಹಲಗೆಯ ಮೇಲೆ ಇನ್ನೂ ಕಣ್ಣು ಬರೆಯದ ಆರು ಗರುಡಗಳಿದ್ದವು. ನಮ್ಮ ಬೆನ್ನ ಹಿಂದೆ ಕೀಲಿಮಣೆ ಟಕ್ ಟಕ್ ಎನ್ನುತ್ತಲೇ ಇತ್ತು. ಮರೆತುಹೋದೀತು, ಎಲ್ಲಾದರೂ ಬರೆದಿಡಮ್ಮ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ತಡೆದುಕೊಂಡೆ.

ಕಾಕಾ ನನ್ನ ಕಿವಿಯ ಹತ್ತಿರ ಬಗ್ಗಿ, “ಭಾಳ ಉದ್ದ ಇಟ್ಲಲ್ಲೋ” ಅಂದರು, ಖುಷಿಯಾಗಿ.